ಟ್ಯಾನ್ ಡೆಲ್ಟಾ ಎಷ್ಟು? ಮೊದಲು ಹೇಗೆ ಅಳೆದಿರಿ ಅಂತ ಹೇಳಿ

ಸಿಲಿಕಾನ್ ಡೈಆಕ್ಸೈಡ್‌ನ ಡೈಎಲೆಕ್ಟ್ರಿಕ್ ಕಾನ್‌ಸ್ಟಂಟ್ ಎಷ್ಟು ಅಂತ ಯಾರನ್ನೇ ಕೇಳಿ, 3.9 ಅನ್ನೋ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತೆ. ಅದರ ಲಾಸ್ ಟ್ಯಾಂಜೆಂಟ್, ಅಂದರೆ ಟ್ಯಾನ್ ಡೆಲ್ಟಾ ಎಷ್ಟು ಅಂದರೆ ಸ್ವಲ್ಪ ತಡವರಿಸಿ, ಟೇಬಲ್ ನೋಡಿ ಒಂದು ಸಣ್ಣ ಸಂಖ್ಯೆ ಹೇಳ್ತೀವಿ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಆ ಎರಡನೇ ಸಂಖ್ಯೆಯನ್ನು 3.9ರ ಹಾಗೆ ಒಂದೇ ಉಸಿರಿನಲ್ಲಿ ಹೇಳಿ ಮುಗಿಸೋಕೆ ಬರೋದಿಲ್ಲ ಅನ್ನೋದು ನಮ್ಮ ವಾದ. ಯಾವ ತಾಪಮಾನ, ಯಾವ ಫ್ರೀಕ್ವೆನ್ಸಿ, ಎಷ್ಟು ಪವರ್, ಯಾವ ಆಕಾರದ ಸರ್ಕ್ಯೂಟ್ ಅಂತ ಹೇಳದ ಟ್ಯಾನ್ ಡೆಲ್ಟಾ ಅರ್ಧ ಉತ್ತರ ಮಾತ್ರ. ಈ ಮಾತಿಗೆ ಬಹಳ ಗಟ್ಟಿಯಾದ ಸಾಕ್ಷಿ ಸಿಗೋದು ಸೂಪರ್‌ಕಂಡಕ್ಟಿಂಗ್ ಮೈಕ್ರೋವೇವ್ ರೆಸೊನೇಟರ್‌ಗಳಿಂದ ತೆಳುಪದರಗಳನ್ನು ಅಳೆಯುವ ಕೆಲಸದಲ್ಲಿ. ನಮ್ಮ ಕಾಲೇಜುಗಳ ಲ್ಯಾಬ್‌ಗೂ ಅದರಿಂದ ಕಲಿಯುವಂಥದ್ದು ಇದೆ ಅಂತ ನಮಗನಿಸುತ್ತೆ.

ಸಾಸಿವೆ ಮತ್ತು ವೇಬ್ರಿಡ್ಜ್

ಮೊದಲು ತೊಂದರೆ ಏನು ಅಂತ ನೋಡೋಣ. ನಿಮ್ಮ ಕೈಯಲ್ಲಿ 200 ನ್ಯಾನೋಮೀಟರ್ ದಪ್ಪದ ಒಂದು ಇನ್ಸುಲೇಟರ್ ಪದರ ಇದೆ ಅಂದುಕೊಳ್ಳಿ. ಅದರ ಮೇಲೆ ಕೆಳಗೆ ಲೋಹ ಹಾಕಿದರೆ ಕೆಪಾಸಿಟರ್ ಆಯ್ತು. ಎಲ್‌ಸಿಆರ್ ಮೀಟರ್‌ಗೆ ಸಿಕ್ಕಿಸಿದರೆ ಕೆಪಾಸಿಟನ್ಸ್ ಬರುತ್ತೆ, ವಿಸ್ತೀರ್ಣ ಮತ್ತು ದಪ್ಪ ಗೊತ್ತಿದ್ದರೆ ಪರ್ಮಿಟಿವಿಟಿ ಸಿಗುತ್ತೆ. ಇಲ್ಲೀತನಕ ಸಲೀಸು. ಆದರೆ ನಮಗೆ ಬೇಕಾಗಿರೋದು 5 ಗಿಗಾಹರ್ಟ್ಸ್‌ನಲ್ಲಿ ಆ ಪದರ ಎಷ್ಟು ಶಕ್ತಿ ನುಂಗುತ್ತೆ ಅನ್ನೋದು. ಆ ಫ್ರೀಕ್ವೆನ್ಸಿಯಲ್ಲಿ ತಾಮ್ರದ ಸ್ಕಿನ್ ಡೆಪ್ತ್ ಸುಮಾರು 0.9 ಮೈಕ್ರೋಮೀಟರ್, ಅಂದರೆ ನಮ್ಮ ಪದರದ ದಪ್ಪಕ್ಕಿಂತ ನಾಲ್ಕು ಪಟ್ಟು ಜಾಸ್ತಿ. ಕರೆಂಟ್ ಹರಿಯುವ ಲೋಹದಲ್ಲೇ ಆಗುವ ನಷ್ಟದ ಮುಂದೆ, ಸಾವಿರಕ್ಕೋ ಹತ್ತು ಸಾವಿರಕ್ಕೋ ಒಂದು ಪಾಲು ನುಂಗುವ ಡೈಎಲೆಕ್ಟ್ರಿಕ್ ಪದರದ ನಷ್ಟ ಕಾಣಿಸೋದೇ ಇಲ್ಲ. ಲಾರಿ ತೂಗುವ ವೇಬ್ರಿಡ್ಜ್ ಮೇಲೆ ಒಂದು ಹಿಡಿ ಸಾಸಿವೆ ಇಟ್ಟು ತೂಕ ಕೇಳಿದ ಹಾಗೆ.

ಹಾಗಾದರೆ ಲಾರಿಯ ತೂಕವನ್ನೇ ತೆಗೆದುಹಾಕಬೇಕು. ಸೂಪರ್‌ಕಂಡಕ್ಟರ್ ಮಾಡೋದು ಅದನ್ನೇ. ಅಲ್ಯೂಮಿನಿಯಂ 1.2 ಕೆಲ್ವಿನ್‌ನ ಕೆಳಗೆ, ನಿಯೋಬಿಯಂ 9.2 ಕೆಲ್ವಿನ್‌ನ ಕೆಳಗೆ ಸೂಪರ್‌ಕಂಡಕ್ಟರ್ ಆಗುತ್ತವೆ. ಮೈಕ್ರೋವೇವ್‌ನಲ್ಲಿ ಅವುಗಳ ರೆಸಿಸ್ಟೆನ್ಸ್ ಪೂರ್ತಿ ಸೊನ್ನೆ ಅಲ್ಲ. ಆದರೆ ಆ ಗಡಿ ತಾಪಮಾನಕ್ಕಿಂತ ತುಂಬಾ ಕೆಳಗೆ ಹೋದ ಹಾಗೆಲ್ಲ ಅದು ಎಕ್ಸ್‌ಪೊನೆನ್ಶಿಯಲ್ ಆಗಿ ಕುಸಿಯುತ್ತೆ. ಕೆಲವು ಹತ್ತು ಮಿಲಿಕೆಲ್ವಿನ್‌ಗೆ ಇಳಿಸಿದರೆ ಲೋಹದ ಪಾಲಿನ ನಷ್ಟವನ್ನು ಬಹುಮಟ್ಟಿಗೆ ಮರೆಯಬಹುದು. ಆಮೇಲೆ ಉಳಿಯುವ ನಷ್ಟದಲ್ಲಿ ದೊಡ್ಡ ಪಾಲು ಇನ್ಸುಲೇಟರ್‌ನದ್ದು.

ಅಂಥ ಲೋಹದಿಂದ ಚಿಪ್ ಮೇಲೆ ಒಂದು ಎಲ್‌ಸಿ ಸರ್ಕ್ಯೂಟೋ ಕಾಲು ತರಂಗಾಂತರದ ಕೋಪ್ಲೇನರ್ ಲೈನೋ ಮಾಡಿ, ಪಕ್ಕದಲ್ಲಿ ಹಾದುಹೋಗುವ ಫೀಡ್‌ಲೈನ್‌ಗೆ ಹಗುರವಾಗಿ ಕಪಲ್ ಮಾಡ್ತಾರೆ. ವೆಕ್ಟರ್ ನೆಟ್‌ವರ್ಕ್ ಅನಲೈಸರ್‌ನಿಂದ ಫ್ರೀಕ್ವೆನ್ಸಿ ಓಡಿಸಿದರೆ ಒಂದು ಕಡೆ ಗುಂಡಿ ಬಿದ್ದ ಹಾಗೆ ಸಿಗ್ನಲ್ ಇಳಿಯುತ್ತೆ. ಗುಂಡಿ ಎಲ್ಲಿದೆ ಅನ್ನೋದು ಪರ್ಮಿಟಿವಿಟಿಯನ್ನೂ, ಎಷ್ಟು ಅಗಲ ಇದೆ ಅನ್ನೋದು ನಷ್ಟವನ್ನೂ ಹೇಳುತ್ತೆ. ದೇವಸ್ಥಾನದ ಗಂಟೆಯ ಹಾಗೆ ಅಂದುಕೊಳ್ಳಿ: ಸ್ವರ ಒಂದು ಮಾಹಿತಿ, ನಾದ ಎಷ್ಟು ಹೊತ್ತು ನಿಲ್ಲುತ್ತೆ ಅನ್ನೋದು ಇನ್ನೊಂದು. ಕ್ಯೂ ಫ್ಯಾಕ್ಟರ್ 10 ಲಕ್ಷ ಇರುವ 5 ಗಿಗಾಹರ್ಟ್ಸ್ ರೆಸೊನೇಟರ್‌ನಲ್ಲಿ ಆ ಗುಂಡಿಯ ಅಗಲ ಬರೀ 5 ಕಿಲೋಹರ್ಟ್ಸ್. ಅಷ್ಟು ಚೂಪಾದ ಸೂಜಿ ಕೈಯಲ್ಲಿದ್ದರೆ ಬಹಳ ಸಣ್ಣ ಬದಲಾವಣೆಯೂ ಕಣ್ಣಿಗೆ ಬೀಳುತ್ತೆ.

ತಣ್ಣಗೆ ಮಾಡಿದರೆ ನಷ್ಟ ಹೆಚ್ಚು!

ಇಲ್ಲಿಂದ ಕಥೆ ಸ್ವಲ್ಪ ವಿಚಿತ್ರ ಆಗುತ್ತೆ. ಪದಾರ್ಥ ತಣ್ಣಗಾದರೆ ನಷ್ಟ ಕಡಿಮೆಯಾಗಬೇಕು ಅಂತ ನಮ್ಮೆಲ್ಲರ ಅಂದಾಜು. ಸಿಗ್ನಲ್ ಚಿಕ್ಕದು ಮಾಡಿದರೆ ನಷ್ಟದ ಅನುಪಾತ ಬದಲಾಗಬಾರದು, ಲೀನಿಯರ್ ಅಲ್ವಾ ಅಂತಲೂ ಅಂದುಕೊಳ್ತೀವಿ. ಗಾಜಿನಂಥ, ಅಂದರೆ ಅಣುಗಳು ಸಾಲಾಗಿ ಕೂರದೆ ಅಡ್ಡಾದಿಡ್ಡಿ ಕೂತ ಅಮಾರ್ಫಸ್ ಪದರಗಳಲ್ಲಿ ಈ ಎರಡು ಅಂದಾಜೂ ತಲೆಕೆಳಗಾಗುತ್ತವೆ. ಕೆಲವು ಕೆಲ್ವಿನ್‌ನಿಂದ ಮಿಲಿಕೆಲ್ವಿನ್ ಕಡೆಗೆ ಇಳಿದ ಹಾಗೆ ಒಂದು ಬಗೆಯ ನಷ್ಟ ಏರುತ್ತೆ. ಪವರ್ ಕಡಿಮೆ ಮಾಡಿದಷ್ಟೂ ಇನ್ನೂ ಏರುತ್ತೆ.

ಇದರ ಮೂಲ ಕ್ವಾಂಟಂ ಕಂಪ್ಯೂಟರ್‌ಗಿಂತ ಹಳೆಯದು. 1971ರಲ್ಲಿ ಝೆಲ್ಲರ್ ಮತ್ತು ಪೋಲ್ ಅನ್ನುವವರು ತೀರಾ ಕಡಿಮೆ ತಾಪಮಾನದಲ್ಲಿ ಗಾಜುಗಳ ಸ್ಪೆಸಿಫಿಕ್ ಹೀಟ್ ಅಳೆದಾಗ ಅದು ಹರಳುಗಳ ಹಾಗೆ ನಡೆದುಕೊಳ್ಳೋದಿಲ್ಲ ಅಂತ ತೋರಿಸಿದರು. ಮರುವರ್ಷ, 1972ರಲ್ಲಿ, ಆಂಡರ್‌ಸನ್, ಹ್ಯಾಲ್ಪೆರಿನ್ ಮತ್ತು ಭಾರತ ಮೂಲದ ಚಂದ್ರ ವರ್ಮ ಸೇರಿ ಒಂದು ವಿವರಣೆ ಕೊಟ್ಟರು. ಫಿಲಿಪ್ಸ್ ಪ್ರತ್ಯೇಕವಾಗಿ ಅದೇ ವಿವರಣೆಗೆ ಬಂದರು. ಗಾಜಿನೊಳಗೆ ಕೆಲವು ಅಣುಗಳಿಗೆ ಕೂರೋಕೆ ಒಂದರ ಪಕ್ಕ ಒಂದು ಎರಡು ಜಾಗ ಇರುತ್ತೆ, ನಡುವಿನ ದಿಣ್ಣೆಯನ್ನು ಟನೆಲಿಂಗ್ ಮೂಲಕ ದಾಟುತ್ತವೆ ಅನ್ನೋದು ಅದರ ಸಾರ. ಇಂಥ ಜೋಡಿಗೆ ಟೂ ಲೆವೆಲ್ ಸಿಸ್ಟಂ ಅಂತ ಹೆಸರು, ಎರಡು ಮೆಟ್ಟಿಲಿನ ಏಣಿ ಅನ್ನಿ. ಮೆಟ್ಟಿಲುಗಳ ಅಂತರ ಒಂದೊಂದರಲ್ಲಿ ಒಂದೊಂದು ಥರ ಇರೋದರಿಂದ, ನೀವು ಯಾವ ಮೈಕ್ರೋವೇವ್ ಫ್ರೀಕ್ವೆನ್ಸಿ ಹಿಡಿದರೂ ಅದಕ್ಕೆ ಹೊಂದುವ ಏಣಿಗಳು ಪದರದಲ್ಲಿ ಸಿಕ್ಕೇ ಸಿಗುತ್ತವೆ. ಅವು ಫೋಟಾನ್ ನುಂಗಿ ಮೇಲಿನ ಮೆಟ್ಟಿಲಿಗೆ ಹೋಗುತ್ತವೆ. ನಮ್ಮ ನಷ್ಟ ಅದೇ.

ಪವರ್ ಜಾಸ್ತಿಯಾದರೆ ನಷ್ಟ ಯಾಕೆ ಕಡಿಮೆಯಾಗುತ್ತೆ? ಕಾಲೇಜ್ ಬಸ್ ನೆನಪು ಮಾಡಿಕೊಳ್ಳಿ. 50 ಸೀಟು ಇವೆ. 40 ಜನ ಹತ್ತಿದರೆ ನೂರಕ್ಕೆ ನೂರು ಮಂದಿಗೂ ಸೀಟು. 500 ಜನ ಕಾಯ್ತಾ ಇದ್ದರೆ ನೂರಕ್ಕೆ ಹತ್ತು ಮಂದಿಗೆ ಮಾತ್ರ. ಪದರದಲ್ಲಿ ಖಾಲಿ ಸೀಟುಗಳ ಸಂಖ್ಯೆ ಅಷ್ಟೇ ಇರುತ್ತೆ. ಫೋಟಾನ್‌ಗಳ ದಂಡೇ ಬಂದರೆ ಹೆಚ್ಚಿನವು ನುಂಗಿಸಿಕೊಳ್ಳದೆ ದಾಟಿಹೋಗುತ್ತವೆ, ನಮಗೆ ಪದರ ಒಳ್ಳೆಯದು ಅನಿಸುತ್ತೆ. ಶಾಖವೂ ಅದೇ ಕೆಲಸ ಮಾಡುತ್ತೆ, ಮೊದಲೇ ಅರ್ಧ ಏಣಿಗಳನ್ನು ಮೇಲಿನ ಮೆಟ್ಟಿಲಿಗೆ ಏರಿಸಿ ಸೀಟು ತುಂಬಿಸಿಬಿಡುತ್ತೆ.

ಲೆಕ್ಕ ಹಾಕಿ ನೋಡಿ. 5 ಗಿಗಾಹರ್ಟ್ಸ್ ಫೋಟಾನ್‌ನ ಶಕ್ತಿಯನ್ನು ಬೋಲ್ಟ್ಸ್‌ಮನ್ ಕಾನ್‌ಸ್ಟಂಟ್‌ನಿಂದ ಭಾಗಿಸಿದರೆ 240 ಮಿಲಿಕೆಲ್ವಿನ್ ಬರುತ್ತೆ. ಈ ಏಣಿಗಳಿಂದ ಆಗುವ ನೇರ ಹೀರುವಿಕೆ, 240ನ್ನು ತಾಪಮಾನದ ಎರಡರಷ್ಟರಿಂದ ಭಾಗಿಸಿ ಅದರ ಹೈಪರ್ಬಾಲಿಕ್ ಟ್ಯಾಂಜೆಂಟ್ ತೆಗೆದುಕೊಂಡಷ್ಟು. 20 ಮಿಲಿಕೆಲ್ವಿನ್‌ನಲ್ಲಿ ಅದು ಹೆಚ್ಚುಕಮ್ಮಿ ಪೂರ್ತಿ 1. ಒಂದು ಕೆಲ್ವಿನ್‌ನಲ್ಲಿ 0.12. ದ್ರವ ಹೀಲಿಯಂನ 4.2 ಕೆಲ್ವಿನ್‌ನಲ್ಲಿ 0.03ಕ್ಕೂ ಕಡಿಮೆ. ಅಂದರೆ ನಿಯೋಬಿಯಂ ರೆಸೊನೇಟರನ್ನು ದ್ರವ ಹೀಲಿಯಂನಲ್ಲಿ ಅದ್ದಿ ಬಹಳ ಜಾಗ್ರತೆಯಿಂದ ಅಳೆದವರಿಗೂ ಈ ಹೀರುವಿಕೆಯ ನೂರಕ್ಕೆ ಮೂರು ಪಾಲು ಮಾತ್ರ ಕಾಣುತ್ತೆ. ಅವರ ಅಳತೆ ತಪ್ಪಲ್ಲ. ಆ ಸಂಖ್ಯೆಯನ್ನು 20 ಮಿಲಿಕೆಲ್ವಿನ್‌ನ ಡಿಸೈನ್‌ಗೆ ಎತ್ತಿ ಹಾಕಿದರೆ ಮಾತ್ರ ತಪ್ಪು.

ಒಂದು ಸಂಖ್ಯೆಯ ಬೆಲೆ

ಇದು ಬರೀ ಪಂಡಿತರ ಚರ್ಚೆ ಅಲ್ಲ. ವಿಟ್ರಿಯಸ್ ಸಿಲಿಕಾದಲ್ಲಿ ಕಡಿಮೆ ತಾಪಮಾನದ ಹೀರುವಿಕೆ ಹೆಚ್ಚು ಪವರ್‌ಗೆ ತುಂಬಿಹೋಗುತ್ತೆ ಅನ್ನೋದನ್ನು ಫಾನ್ ಶಿಕ್‌ಫುಸ್ ಮತ್ತು ಹುಂಕ್ಲಿಂಗರ್ 1977ರಲ್ಲೇ ಪ್ರಕಟಿಸಿದ್ದರು. ಸೂಪರ್‌ಕಂಡಕ್ಟಿಂಗ್ ಕ್ಯೂಬಿಟ್‌ಗಳಲ್ಲಿ ಮಾಹಿತಿ ಬೇಗ ಅಳಿಸಿಹೋಗೋಕೆ ಇದೇ ದೊಡ್ಡ ಕಾರಣ ಅಂತ ಜಾನ್ ಮಾರ್ಟಿನಿಸ್ ಮತ್ತು ಸಂಗಡಿಗರು ತೋರಿಸಿದ್ದು 2005ರಲ್ಲಿ. ನಡುವೆ 28 ವರ್ಷ. ಗಾಜು ಓದುವವರ ಕಪಾಟಿನಲ್ಲಿದ್ದ ವಿಷಯ ಚಿಪ್ ಕಟ್ಟುವವರ ಮೇಜಿಗೆ ಬರೋಕೆ ಅಷ್ಟು ಕಾಲ ಹಿಡಿಯಿತು.

ಆ 2005ರ ಕೆಲಸದಲ್ಲಿ ಆವಿಯಿಂದ ಕೂರಿಸಿದ ಸಿಲಿಕಾನ್ ಡೈಆಕ್ಸೈಡ್‌ನ ಕಡಿಮೆ ಪವರ್ ಟ್ಯಾನ್ ಡೆಲ್ಟಾ ಸುಮಾರು 0.005 ಇತ್ತು. ಇದರ ಅರ್ಥ ಏನು? ಕೆಪಾಸಿಟರ್ ತುಂಬಾ ಇದೇ ಪದರ ಇದ್ದರೆ ಕ್ಯೂ 200. 5 ಗಿಗಾಹರ್ಟ್ಸ್‌ನಲ್ಲಿ ಶಕ್ತಿ ನಿಲ್ಲುವ ಕಾಲ, ಕ್ಯೂ ಭಾಗಿಸು ಒಮೆಗಾ, ಸುಮಾರು 6 ನ್ಯಾನೋಸೆಕೆಂಡ್. ಅಷ್ಟರೊಳಗೆ ಕ್ಯೂಬಿಟ್ ಏನು ಲೆಕ್ಕ ಮಾಡೀತು? ಟ್ಯಾನ್ ಡೆಲ್ಟಾ 10 ಲಕ್ಷಕ್ಕೆ 1 ಆದರೆ ಅದೇ ಕಾಲ 32 ಮೈಕ್ರೋಸೆಕೆಂಡ್. ಇನ್ಸುಲೇಟರನ್ನು ಸಿಲಿಕಾನ್ ನೈಟ್ರೈಡ್‌ಗೆ ಬದಲಿಸಿ, ಜಂಕ್ಷನ್ ಚಿಕ್ಕದು ಮಾಡಿದ್ದರಿಂದ ಅವರ ಕ್ಯೂಬಿಟ್‌ನ ಶಕ್ತಿ ಸೋರಿಕೆ 20 ಪಟ್ಟು ಸುಧಾರಿಸಿತು. ಅದಕ್ಕೆ ಹೊಸ ಅಲ್ಗಾರಿದಂ ಬೇಕಾಗಲಿಲ್ಲ. ಇನ್ಸುಲೇಟರನ್ನು ಸರಿಯಾದ ಸ್ಥಿತಿಯಲ್ಲಿ ಅಳೆದು ನೋಡಿದ್ದು ದಾರಿ ತೋರಿಸಿತು. 2008ರಲ್ಲಿ ಇದೇ ಬಳಗದ ಓ'ಕಾನೆಲ್ ಮತ್ತಿತರರು ಹಲವು ಪದರಗಳನ್ನು ಒಂದೇ ಫೋಟಾನ್‌ನ ಮಟ್ಟದಲ್ಲಿ, ಮಿಲಿಕೆಲ್ವಿನ್‌ನಲ್ಲಿ ಅಳೆದು ಸಾಲಾಗಿ ಪಟ್ಟಿ ಮಾಡಿದರು. ಅದರಲ್ಲಿ ಹೈಡ್ರೋಜನ್ ಬೆರೆತ ಅಮಾರ್ಫಸ್ ಸಿಲಿಕಾನ್‌ನ ನಷ್ಟ ಲಕ್ಷಕ್ಕೆ ಎರಡು ಮೂರು ಪಾಲಿನಷ್ಟು. ಇಂಥ ಪಟ್ಟಿ ಉಪಯೋಗಕ್ಕೆ ಬರೋದು ಅದರ ಶೀರ್ಷಿಕೆಯಲ್ಲೇ ತಾಪಮಾನ ಮತ್ತು ಫೋಟಾನ್ ಮಟ್ಟ ಬರೆದಿರೋದರಿಂದ.

ಒಂದು ಫೋಟಾನ್ ಮಟ್ಟ ಅಂದರೆ ಎಷ್ಟು ಪವರ್ ಗೊತ್ತಾ? ಕ್ಯೂ ಒಂದು ಲಕ್ಷ ಇರುವ 5 ಗಿಗಾಹರ್ಟ್ಸ್ ರೆಸೊನೇಟರ್‌ನಲ್ಲಿ ಸರಾಸರಿ ಒಂದು ಫೋಟಾನ್ ಉಳಿಯಬೇಕಾದರೆ ಅದು ಕಳೆದುಕೊಳ್ಳುವ ಪವರ್ ಸುಮಾರು ಮೈನಸ್ 150 ಡಿಬಿಎಂ. ಹಾಗಾಗಿ ಫ್ರಿಜ್‌ನ ಒಂದೊಂದು ಅಂತಸ್ತಿನಲ್ಲೂ ಅಟೆನ್ಯುಯೇಟರ್ ಹಾಕಿ ಸಿಗ್ನಲ್ ಇಳಿಸಬೇಕು, ಹೊರಗೆ ಬರುವಾಗ 4 ಕೆಲ್ವಿನ್‌ನಲ್ಲಿ ಕೂತ ಕಡಿಮೆ ನಾಯ್ಸ್‌ನ ಆಂಪ್ಲಿಫೈಯರ್‌ನಿಂದ ಎತ್ತಬೇಕು, ಗಂಟೆಗಟ್ಟಲೆ ಸರಾಸರಿ ತೆಗೆಯಬೇಕು. ಬೇಸರದ ಕೆಲಸ ಹೌದು. ಆ ಬೇಸರ ತಪ್ಪಿಸೋಕೆ ಪವರ್ ಏರಿಸಿದರೆ ಸುಂದರವಾದ ಗ್ರಾಫ್ ಬರುತ್ತೆ, ಬೇಕಾದ ಸಂಖ್ಯೆ ಮಾತ್ರ ಬರೋದಿಲ್ಲ.

ಸಂಖ್ಯೆಯ ಹಿಂದಿನ ಪ್ರಶ್ನೆಗಳು

ತಾಪಮಾನ, ಫ್ರೀಕ್ವೆನ್ಸಿ, ಪವರ್ ಆಯ್ತು. ನಾಲ್ಕನೆಯದು ಫಿಲ್ಲಿಂಗ್ ಫ್ಯಾಕ್ಟರ್: ರೆಸೊನೇಟರ್‌ನ ಒಟ್ಟು ವಿದ್ಯುತ್ ಕ್ಷೇತ್ರದ ಶಕ್ತಿಯಲ್ಲಿ ನಮ್ಮ ಪದರದೊಳಗಿರುವ ಪಾಲು ಎಷ್ಟು ಅನ್ನೋದು. ಎರಡು ಪ್ಲೇಟ್ ನಡುವೆ ಪದರ ಇಟ್ಟರೆ ಇದು 1ರ ಹತ್ತಿರ. ಕೋಪ್ಲೇನರ್ ಲೈನ್ ಮೇಲೆ ತೆಳ್ಳಗೆ ಹಚ್ಚಿದರೆ ನೂರಕ್ಕೆ ಒಂದೇ ಇರಬಹುದು. ಆಗ ಪದರದ ಟ್ಯಾನ್ ಡೆಲ್ಟಾ 0.001 ಇದ್ದರೂ ರೆಸೊನೇಟರ್‌ಗೆ ತಟ್ಟೋದು 0.00001, ಅಂದರೆ ಕ್ಯೂ ಒಂದು ಲಕ್ಷ. ಕ್ಯೂವನ್ನು ತಿರುವಿ ಹಾಕಿ ಅದೇ ಟ್ಯಾನ್ ಡೆಲ್ಟಾ ಅಂತ ಬರೆದರೆ ಪದರಕ್ಕೆ ನೂರು ಪಟ್ಟು ಒಳ್ಳೆಯ ಸರ್ಟಿಫಿಕೇಟ್ ಕೊಟ್ಟ ಹಾಗಾಯ್ತು.

ಐದನೆಯದು ಕಪ್ಲಿಂಗ್. ನಾವು ನೇರವಾಗಿ ನೋಡೋದು ಒಟ್ಟು ಕ್ಯೂವನ್ನು. ಅದರೊಳಗೆ ಫೀಡ್‌ಲೈನ್‌ಗೆ ಸೋರುವ ಭಾಗವೂ, ಒಳಗಿನ ನಷ್ಟವೂ ಸೇರಿವೆ. ಕಪ್ಲಿಂಗ್ ಕ್ಯೂ 10 ಸಾವಿರ, ಒಳಗಿನ ಕ್ಯೂ 10 ಲಕ್ಷ ಇದ್ದರೆ ಒಟ್ಟು 9,901. ಇದರಲ್ಲಿ ನೂರಕ್ಕೆ ಒಂದು ತಪ್ಪಿದರೂ ಒಳಗಿನ ನಷ್ಟದಲ್ಲಿ ನೂರಕ್ಕೆ ನೂರು ತಪ್ಪಾಗುತ್ತೆ. ಅದಕ್ಕೇ ಎರಡನ್ನೂ ಆದಷ್ಟು ಹತ್ತಿರ ಇಡ್ತಾರೆ, ಸಿಗ್ನಲ್‌ನ ಗಾತ್ರ ಒಂದನ್ನೇ ನೋಡದೆ ಫೇಸ್‌ನ್ನೂ ಸೇರಿಸಿ ಕಾಂಪ್ಲೆಕ್ಸ್ ಪ್ಲೇನ್‌ನಲ್ಲಿ ವೃತ್ತ ಕೂರಿಸ್ತಾರೆ.

ಪರ್ಮಿಟಿವಿಟಿಯ ಕಡೆಗೂ ಒಂದು ಬಲೆ ಇದೆ. ಸೂಪರ್‌ಕಂಡಕ್ಟರ್‌ನಲ್ಲಿ ಹರಿಯುವ ಎಲೆಕ್ಟ್ರಾನ್ ಜೋಡಿಗಳಿಗೂ ಜಡತ್ವ ಇರುತ್ತೆ. ಅದು ಕೈನೆಟಿಕ್ ಇಂಡಕ್ಟನ್ಸ್ ಆಗಿ ಸೇರಿಕೊಳ್ಳುತ್ತೆ. ಎರಡು ಚಿಪ್‌ಗಳ ಲೋಹದ ದಪ್ಪ ಸ್ವಲ್ಪ ಬೇರೆಯಾದರೂ ಫ್ರೀಕ್ವೆನ್ಸಿ ಜರುಗುತ್ತೆ, ನಾವು ಇನ್ಸುಲೇಟರ್‌ನ ಮೇಲೆ ಗೂಬೆ ಕೂರಿಸ್ತೀವಿ. ಪದರ ಇಲ್ಲದ ಒಂದು ರೆಫರೆನ್ಸ್ ರೆಸೊನೇಟರ್, ಬೇರೆ ಬೇರೆ ಆಕಾರದ ನಾಲ್ಕಾರು ರೆಸೊನೇಟರ್‌ಗಳು ಅದೇ ಚಿಪ್‌ನಲ್ಲಿ ಇದ್ದರೆ ಕಳ್ಳ ಯಾರು ಅಂತ ಗೊತ್ತಾಗುತ್ತೆ.

ಈ ಕ್ಷೇತ್ರದಲ್ಲಿ ನಮಗೆ ತುಂಬಾ ಇಷ್ಟವಾದ ಪದ್ಧತಿ ಇನ್ನೊಂದಿದೆ. ಅದೇ ಏಣಿಗಳು ನಷ್ಟ ಮಾಡೋದರ ಜೊತೆಗೆ ರೆಸೊನೇಟರ್‌ನ ಫ್ರೀಕ್ವೆನ್ಸಿಯನ್ನೂ ತಾಪಮಾನಕ್ಕೆ ತಕ್ಕಂತೆ ಸ್ವಲ್ಪ ಸರಿಸುತ್ತವೆ. ಈ ಜರುಗುವಿಕೆಯಲ್ಲಿ ಫ್ರೀಕ್ವೆನ್ಸಿಗೆ ಹೊಂದದ ದೂರದ ಏಣಿಗಳ ಪಾಲೂ ಇರೋದರಿಂದ, ಪವರ್ ಜಾಸ್ತಿ ಇದ್ದರೂ ಅದು ಅಳಿಸಿಹೋಗಲ್ಲ. ಹಾಗಾಗಿ ಕಡಿಮೆ ಪವರ್‌ನ ಕ್ಯೂ ಒಂದು ಉತ್ತರ ಕೊಡುತ್ತೆ, ತಾಪಮಾನದೊಂದಿಗೆ ಜರುಗುವ ಫ್ರೀಕ್ವೆನ್ಸಿ ಅದೇ ಪ್ರಶ್ನೆಗೆ ಇನ್ನೊಂದು ದಾರಿಯಿಂದ ಉತ್ತರ ಕೊಡುತ್ತೆ. ಎರಡೂ ಹೊಂದಿದರೆ ನಂಬಿಕೆ ಬರುತ್ತೆ. ಹೊಂದದಿದ್ದರೆ ನಷ್ಟಕ್ಕೆ ಬೇರೆ ಕಾರಣವೂ ಇದೆ ಅಂತ ಹುಡುಕಬಹುದು.

ನಮ್ಮ ಲ್ಯಾಬ್‌ಗೆ ಇದರಿಂದ ಏನು?

"ನಮ್ಮ ಹತ್ತಿರ ಡೈಲ್ಯೂಷನ್ ಫ್ರಿಜ್ ಇಲ್ಲ, ಎಫ್‌ಆರ್4 ಬೋರ್ಡ್‌ಗೆ 0.02 ಹಾಕಿದರೆ ಸಿಮ್ಯುಲೇಷನ್ ಓಡುತ್ತೆ, ಇದೆಲ್ಲ ಯಾಕೆ?" ಅಂತ ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾಗಿದೆ. ರೂಮಿನ ತಾಪಮಾನದ ಆಂಟೆನಾಗೆ 0.02 ನಿಜಕ್ಕೂ ಸಾಕು. ಡಿಸೈನ್ ಮಾಡುವವರಿಗೆ ಕೊನೆಗೆ ಒಂದು ಸಂಖ್ಯೆ ಬೇಕೇ ಬೇಕು. ಆದರೆ ಒಳ್ಳೆಯ ಬೋರ್ಡ್‌ನ ಡೇಟಾಶೀಟ್ ತೆಗೆದು ನೋಡಿ. ಸಂಖ್ಯೆಯ ಪಕ್ಕದಲ್ಲೇ ಫ್ರೀಕ್ವೆನ್ಸಿ ಮತ್ತು ಅಳೆದ ವಿಧಾನ ಬರೆದಿರ್ತಾರೆ. ಬೋರ್ಡ್ ಮಾಡಿ ಮಾರುವವರೇ ಬಿಡದ ಸಾಲನ್ನು ನಾವು ರೆಕಾರ್ಡ್ ಬರೆಯುವಾಗ ಬಿಟ್ಟುಬಿಡೋದು ಯಾಕೆ?

ಯಾಕೆ ಅಂದರೆ ಬಹಳಷ್ಟು ಕಾಲೇಜುಗಳ ಲ್ಯಾಬ್‌ಗಳಲ್ಲಿ ಮಾರ್ಕ್ಸ್ ಬರೋದು ಪುಸ್ತಕದ ಸಂಖ್ಯೆಗೆ ಎಷ್ಟು ಹತ್ತಿರ ಬಂದಿರಿ ಅನ್ನೋದರ ಮೇಲೆ. ಉತ್ತರ ಮೊದಲೇ ಗೊತ್ತು, ರೀಡಿಂಗ್ ಅದಕ್ಕೆ ತಕ್ಕ ಹಾಗೆ ಬರಬೇಕು. ಈ ಪದ್ಧತಿಯಲ್ಲಿ, ಪವರ್ ಇಳಿಸಿದಾಗ ನಷ್ಟ ಏರಿತು ಅಂತ ಪ್ರಾಮಾಣಿಕವಾಗಿ ಬರೆದ ಹುಡುಗಿಗೆ "ಕನೆಕ್ಷನ್ ಲೂಸ್ ಇರಬೇಕು, ಮತ್ತೆ ತೆಗೀರಿ" ಅನ್ನೋ ಮಾತು ಸಿಗುತ್ತೆ. ಟೂ ಲೆವೆಲ್ ಸಿಸ್ಟಂನ ಸುಳಿವು ಇಂಥ ಕಡೆ ಸಿಕ್ಕಿದ್ದರೂ ರಬ್ಬರ್‌ನಿಂದ ಅಳಿಸಿಹೋಗ್ತಿತ್ತು.

ಇದನ್ನು ಬದಲಿಸೋಕೆ ಕೋಟಿ ರೂಪಾಯಿ ಬೇಡ. ಇವತ್ತು ಕೆಲವೇ ಸಾವಿರ ರೂಪಾಯಿಗೆ 3 ಗಿಗಾಹರ್ಟ್ಸ್‌ವರೆಗೆ ಓಡುವ ನ್ಯಾನೋವಿಎನ್ಎ ಸಿಗುತ್ತೆ. ಎಫ್‌ಆರ್4 ಬೋರ್ಡ್ ಮೇಲೆ ಸುಮಾರು 13 ಮಿಲಿಮೀಟರ್ ತ್ರಿಜ್ಯದ ಮೈಕ್ರೋಸ್ಟ್ರಿಪ್ ಉಂಗುರ ಎಚ್ ಮಾಡಿ, 2 ಗಿಗಾಹರ್ಟ್ಸ್ ಹತ್ತಿರ ಅದು ರೆಸೊನೇಟ್ ಆಗುತ್ತೆ. ಕ್ಯೂ 50ರ ಆಸುಪಾಸು ಬಂದರೆ ಅದರಲ್ಲಿ ಬಹುಪಾಲು ನಷ್ಟ ಬೋರ್ಡ್‌ನದ್ದು. ಅದೇ ಉಂಗುರವನ್ನು ಟೆಫ್ಲಾನ್ ಆಧಾರಿತ ಕಡಿಮೆ ನಷ್ಟದ ಬೋರ್ಡ್ ಮೇಲೆ, ಅದರ ಪರ್ಮಿಟಿವಿಟಿಗೆ ತಕ್ಕ ಅಳತೆಯಲ್ಲಿ ಮಾಡಿ. ಈಗ ತಾಮ್ರದ ನಷ್ಟ ಅಡ್ಡ ಬರುತ್ತೆ, ಕ್ಯೂವನ್ನು ತಿರುವಿ ಹಾಕಿ ಟ್ಯಾನ್ ಡೆಲ್ಟಾ ಅನ್ನೋಕಾಗಲ್ಲ. ಕಪ್ಲಿಂಗ್ ಗ್ಯಾಪ್ ಬದಲಿಸಿ ಒಳಗಿನ ಕ್ಯೂ ಅದೇ ಬರುತ್ತಾ ನೋಡಿ. ಉಂಗುರದ ಮೇಲೆ ಒಂದು ಪ್ಲಾಸ್ಟಿಕ್ ಹಾಳೆ ಇಟ್ಟು ಫ್ರೀಕ್ವೆನ್ಸಿ ಎಷ್ಟು ಇಳಿಯಿತು ಅಂತ ನೋಡಿ, ಫಿಲ್ಲಿಂಗ್ ಫ್ಯಾಕ್ಟರ್ ಲೆಕ್ಕ ಹಾಕಿ. ಮಿಲಿಕೆಲ್ವಿನ್‌ನಲ್ಲಿ ಮಾಡುವವರು ಕೇಳಿಕೊಳ್ಳುವ ಪ್ರಶ್ನೆಗಳಲ್ಲಿ ಎಷ್ಟೋ ಈ ಒಂದು ಬೆಂಚಿನ ಮೇಲೆ ಬಂದುಬಿಡುತ್ತವೆ.

ಇದಕ್ಕೆ ಈಗ ಕಾಲವೂ ಕೂಡಿಬಂದಿದೆ. ಕೇಂದ್ರ ಸರ್ಕಾರ 2023ರಲ್ಲಿ 6,003.65 ಕೋಟಿ ರೂಪಾಯಿಯ ನ್ಯಾಷನಲ್ ಕ್ವಾಂಟಂ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. ಅದರ ಕ್ವಾಂಟಂ ಕಂಪ್ಯೂಟಿಂಗ್ ಹಬ್ ಇರೋದು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಕ್ವಾಂಟಂ ಅಂದ ಕೂಡಲೇ ಎಲ್ಲರೂ ಪೈಥಾನ್ ಕೋರ್ಸ್ ಕಡೆ ಓಡ್ತಾರೆ. ಸೂಪರ್‌ಕಂಡಕ್ಟಿಂಗ್ ಕ್ಯೂಬಿಟ್ ಚೆನ್ನಾಗಿ ಓಡಬೇಕಾದರೆ ಯಾವ ಪದರ ಎಷ್ಟು ನುಂಗುತ್ತೆ ಅಂತ ಕೂತು ಅಳೆಯುವ ಇಲೆಕ್ಟ್ರಾನಿಕ್ಸ್, ಇಲೆಕ್ಟ್ರಿಕಲ್, ಮೆಟೀರಿಯಲ್ಸ್ ಕೈಗಳೂ ಅಷ್ಟೇ ಬೇಕು. ಆ ಕೆಲಸದ ಮೊದಲ ಅರ್ಹತೆ ತನ್ನ ಸಂಖ್ಯೆಯನ್ನು ತಾನೇ ಅನುಮಾನಿಸುವ ಅಭ್ಯಾಸ. ಅದು ಎಂ.ಟೆಕ್‌ಗೆ ಹೋದಮೇಲೆ ದಿಢೀರನೆ ಬರೋದಿಲ್ಲ.

ಹಾಗಾಗಿ ವಿಭಾಗದ ಮೇಷ್ಟ್ರುಗಳ ಮುಂದೆ ನಮ್ಮ ಬೇಡಿಕೆ ಚಿಕ್ಕದು. ಲ್ಯಾಬ್ ರೆಕಾರ್ಡ್‌ನಲ್ಲಿ ರಿಸಲ್ಟ್ ಅನ್ನುವ ಸಾಲಿನ ಕೆಳಗೆ "ಅಳತೆಯ ಸ್ಥಿತಿ" ಅಂತ ಇನ್ನೊಂದು ಸಾಲು ಸೇರಿಸಿ. ತಾಪಮಾನ, ಫ್ರೀಕ್ವೆನ್ಸಿ, ಪವರ್, ಆಕಾರ, ಎಷ್ಟು ಹೆಚ್ಚುಕಮ್ಮಿ ಇರಬಹುದು ಅನ್ನೋದು ಅಲ್ಲಿ ಬರಲಿ. 10 ಮಾರ್ಕ್ಸ್‌ನಲ್ಲಿ 4 ಆ ಸಾಲಿಗಿರಲಿ. ಪುಸ್ತಕದ ಸಂಖ್ಯೆಗೆ ಹೊಂದದ ರೀಡಿಂಗ್ ತಂದವರನ್ನು ಮೊದಲು ಕಾರಣ ಕೇಳಿ, ಆಮೇಲೆ ಬೇಕಾದರೆ ಮತ್ತೆ ತೆಗೆಯೋಕೆ ಹೇಳಿ. ವಿದ್ಯಾರ್ಥಿಗಳಾದ ನಮ್ಮ ಕಡೆಯಿಂದ, ಮುಂದಿನ ಸೆಮಿಸ್ಟರ್‌ನ ಮಿನಿ ಪ್ರಾಜೆಕ್ಟ್‌ಗೆ ಆ ಉಂಗುರದ ಬೋರ್ಡನ್ನು ನಾವೇ ಎಚ್ ಮಾಡಿ ತರ್ತೀವಿ.